ಐದನೇ ಪ್ಯಾಡಿನ ಸೈರನ್

ಡಿಜೆ ಎಂದರೆ ಹಾಡು ಹಾಕುವವನು ಎಂದು ನಮ್ಮ ಕಡೆಯವರು ತಿಳಿದಿದ್ದಾರೆ. ಹಾಡು ಯಾರು ಬೇಕಾದರೂ ಹಾಕಬಹುದು. ಕುಳಿತವರನ್ನು ಎಬ್ಬಿಸುವುದು ಸ್ಯಾಂಪ್ಲರ್. ಲ್ಯಾಪ್‌ಟಾಪಿನ ಪರದೆಯಲ್ಲಿ ಎಂಟು ಚೌಕ, ಒಂದೊಂದರಲ್ಲಿ ಒಂದೊಂದು ಚಿಕ್ಕ ಸದ್ದು: ಶಿಳ್ಳೆ, ಚಪ್ಪಾಳೆ, ಪಟಾಕಿ, ಚೆಂಡೆಯ ನಾಲ್ಕು ಪೆಟ್ಟು. ಕೈಯಡಿಯ ಪ್ಯಾಡ್ ಒತ್ತಿದರೆ ನಡೆಯುತ್ತಿರುವ ಹಾಡಿನ ಮೇಲೆ ಅದು ಬಂದು ಕೂರುತ್ತದೆ. ಯಾವಾಗ ಒತ್ತಬೇಕು ಎಂಬುದೇ ಕಸುಬು.

ನನ್ನ ಐದನೇ ಪ್ಯಾಡಿನಲ್ಲಿ ಸೈರನ್ ಇತ್ತು. ಉಳಿದವರು ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಪೀಪಿ ಊದಿಸುತ್ತಿದ್ದರು. ನಾನು ಫರಂಗಿಪೇಟೆಯ ಹೆದ್ದಾರಿ ಬದಿಯಲ್ಲಿ ರೆಕಾರ್ಡರ್ ಹಿಡಿದು ನಿಂತು, ಮಂಗಳೂರಿಗೆ ಓಡುವ ಆಂಬುಲೆನ್ಸಿನ ಸದ್ದನ್ನೇ ಹಿಡಿದು ತಂದಿದ್ದೆ. ಒಳಗೆ ಯಾರು ಮಲಗಿದ್ದರೋ, ನಾನು ಯೋಚಿಸಲಿಲ್ಲ. ನಡುವೆ ಬಿದ್ದ ಲಾರಿಯ ಹಾರ್ನನ್ನು ಕತ್ತರಿಸುವುದು ಹೇಗೆಂಬುದೇ ನನ್ನ ಚಿಂತೆ. ಅಸಲಿ ಮಾಲು ಎಂದು ಬಂಟ್ವಾಳದ ಬೇರೆ ಡಿಜೆಗಳ ಮುಂದೆ ಜಂಬ ಕೊಚ್ಚಿದ್ದೂ ಉಂಟು.

ತೋಡಾರಿನ ಹತ್ತಿರ ಒಂದು ಮನೆಯಲ್ಲಿ ಮದುಮಗಳ ಮೆಹೆಂದಿ. ಸಂಜೆ ಐದಕ್ಕೇ ಕುಣಿತ ಶುರುವಾಗಿತ್ತು. ಅಂಗಳ ಸಾಲದೆಂದು ಚಪ್ಪರವನ್ನು ಮುಂದಿನ ರಸ್ತೆಯ ಮೇಲೂ ಎಳೆದಿದ್ದರು. ನಮ್ಮಲ್ಲಿ ಇದನ್ನು ಯಾರೂ ತಪ್ಪೆನ್ನುವುದಿಲ್ಲ. ಆಚೆಯವರಿಗೆ ಒಂದು ಮಾತು ಹೇಳಿ, ಊಟಕ್ಕೆ ಕರೆದರೆ ಮುಗಿಯಿತು. ಆಚೆ ಗುಡ್ಡದ ಮೇಲೆ ಇದ್ದದ್ದು ಒಂದೇ ಮನೆ, ನಿವೃತ್ತ ಬಸ್ ಕಂಡಕ್ಟರೊಬ್ಬರದ್ದು. ಮಧ್ಯಾಹ್ನ ಅವರೇ ಬಂದು, ಒಂದು ಸ್ಪೀಕರ್ ಬಾಕ್ಸನ್ನು ತಮ್ಮ ಮನೆಯ ಕಡೆ ತಿರುಗಿಸಲು ಹೇಳಿದ್ದರು. "ನಾವೂ ಕೇಳುವ ಮಾರಾಯ. ನಮಗೆ ಮೆಹೆಂದಿ ಬೇಡ್ವಾ?" ತಿರುಗಿಸಿ ಕೊಟ್ಟಿದ್ದೆ.

ಆರು ಗಂಟೆಯ ಹೊತ್ತಿಗೆ ಜನಕ್ಕೆ ಹುರುಪು ಏರಿತ್ತು. ಐದನೇ ಪ್ಯಾಡ್ ಒತ್ತಿದೆ. ಹೋ ಎಂದು ಕೂಗಿದರು. ಒಂದೆರಡು ಹಾಡು ಬಿಟ್ಟು ಇನ್ನೊಮ್ಮೆ ಒತ್ತಿದೆ, ಆಮೇಲೆ ಮತ್ತೊಮ್ಮೆ. ಸ್ವಲ್ಪ ಹೊತ್ತಿನ ಮೇಲೆ ನಾನು ಬೆರಳಿಡದೆಯೇ ಸೈರನ್ ಕೇಳಿತು. ಪ್ಯಾಡ್ ಲೂಪಿನಲ್ಲಿ ಸಿಕ್ಕಿಕೊಂಡಿದೆ ಎಂದುಕೊಂಡೆ. ಆಫ್ ಮಾಡಿದೆ, ಸ್ಯಾಂಪ್ಲರಿನ ವಾಲ್ಯೂಮನ್ನು ಪೂರ್ತಿ ಇಳಿಸಿದೆ. ನಿಲ್ಲಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಲ್ಯಾಪ್‌ಟಾಪಿಗೆ ಬೈದೆ. ಜನ ಕೈ ಎತ್ತಿ ಆ ಸೈರನ್ನಿಗೂ ಕುಣಿಯುತ್ತಿದ್ದರು. ಅವರನ್ನು ತಳ್ಳಿಕೊಂಡು ಒಬ್ಬ ನನ್ನ ಮೇಜಿನವರೆಗೆ ಬಂದ, ಆಂಬುಲೆನ್ಸಿನ ಡ್ರೈವರ್.

"ನಿಂದಲ್ಲ ಮಾರಾಯ, ಅದು ನನ್ನ ಗಾಡಿದು! ಎಷ್ಟು ಹೊತ್ತಿಂದ ನಿಂತಿದ್ದೇನೆ. ದಾರಿ ಬಿಡ್ಸು!"

ಹಾಡು ನಿಲ್ಲಿಸಿದೆ. ಆಮೇಲೆ ಎಲ್ಲರೂ ಓಡಿದರು. ಕುರ್ಚಿ ಎಳೆದರು, ಚಪ್ಪರದ ಕಂಬ ಕಿತ್ತರು. ಎದೆನೋವು ಬಂದಿದ್ದ ಕಂಡಕ್ಟರರನ್ನು ಗುಡ್ಡದಿಂದ ಕೆಳಗೆ ತರುವಾಗ ಮದುಮಗಳು ಹಸಿ ಮೆಹೆಂದಿಯ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಎತ್ತಿಕೊಂಡೇ ನಿಂತಿದ್ದಳು. ಮೂಡುಬಿದಿರೆ ತಲುಪುವ ಮೊದಲೇ ಅವರು ತೀರಿಕೊಂಡರು.

ನನ್ನನ್ನು ಯಾರೂ ಬೈಯಲಿಲ್ಲ. ಹೃದಯದ ವಿಷಯ, ಯಾರ ಕೈಯಲ್ಲಿ ಏನುಂಟು ಎಂದರು. ನಾನೂ ಆ ಮಾತನ್ನೇ ಹಿಡಿದುಕೊಂಡೆ. ತಡವಾದದ್ದು ಐದು ನಿಮಿಷ ಮಾತ್ರ ಎಂದು ಸಮಾಧಾನ ಹೇಳಿಕೊಂಡು, ಉತ್ತರಕ್ರಿಯೆ, ಬೊಜ್ಜದ ಊಟವೆಲ್ಲ ಕಳೆದ ಮೇಲೆ ಆ ಮನೆಗೆ ಹೋದೆ. ಅವರ ಹೆಂಡತಿ ಚಹಾ ಕೊಟ್ಟರು. ದಾರಿ ಬಿಡಿಸುವಾಗ ತಡವಾಯಿತು, ಕ್ಷಮಿಸಿ ಅಕ್ಕ ಎಂದೆ.

"ಅದಲ್ಲ ಮಗಾ," ಎಂದರು. ಸ್ವರದಲ್ಲಿ ಸಿಟ್ಟಿರಲಿಲ್ಲ. "ಆಂಬುಲೆನ್ಸಿಗೆ ಫೋನ್ ಮಾಡಿ ಆಗಿತ್ತು. ಆದ್ರೂ ಅಳಿಯ ಹೇಳಿದ, ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗುವ, ಚಪ್ಪರದಿಂದ ಆಚೆ ರಿಕ್ಷಾ ಉಂಟು ಅಂತ. ಎತ್ತಿದ್ದೂ ಆಯ್ತು. ಅಷ್ಟರಲ್ಲಿ ಸೈರನ್ ಕೇಳಿತು. ನಾನೇ ಕೆಳಗಿಡಲಿಕ್ಕೆ ಹೇಳಿದೆ. ಆಂಬುಲೆನ್ಸ್ ಬಂತಲ್ಲ, ಸುಮ್ಮನೆ ಯಾಕೆ ಅಲುಗಾಡಿಸುವುದು ಅಂತ. ಬರಲಿಲ್ಲ. ಪುನಃ ಕೇಳಿತು, ಪುನಃ ಬರಲಿಲ್ಲ. ಮೂರು ಸಲವೂ ಇವರ ಕೈ ಹಿಡಿದು ಬಂತು, ಬಂತು ಅಂತ ಹೇಳಿದೆ."

ನಾನು ಲೋಟ ಕೆಳಗಿಟ್ಟೆ.

"ಆ ಮೂರು ಗಾಡಿ ಎಲ್ಲಿಗೆ ಹೋದದ್ದು ಮಗಾ? ನೀನು ರಸ್ತೆಯಲ್ಲೇ ಇದ್ದೆಯಲ್ಲ, ನಿನಗೆ ಕಂಡಿರಬೇಕು."

"ಕಾಣಲಿಲ್ಲ ಅಕ್ಕ," ಎಂದೆ.