ಗೆದ್ದದ್ದು ಕುಸ್ತಿ, ಸೋಲಿಸಿದ್ದು ಸನತೋಂಬಿಯನ್ನು

ಕದರಮಂಡಲಗಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಹಾಲಸಿದ್ದಪ್ಪ ಹರೆಯದಲ್ಲಿ ಕುಸ್ತಿ ಆಡಿದವನು. ಮಗಳು ಸುರೇಖಾ ಹೈಸ್ಕೂಲಿಗೆ ಹೋಗುತ್ತಿದ್ದಾಗ ಒಂದು ದಿನ ಜೋಳದ ಚೀಲವನ್ನು ಹೆಗಲ ಮೇಲೆ ಎತ್ತಿಹಾಕಿಕೊಂಡು ಸರಸರ ಒಳಗೆ ನಡೆದಳು. ಅದನ್ನು ಕಂಡವನೇ ಮರುದಿನ ಅವಳನ್ನು ಗರಡಿಮನೆಗೆ ಕರೆದೊಯ್ದ. ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂದವರ ಎದುರಿಗೇ ಅವಳಿಗೆ ಪಟ್ಟು ಹೇಳಿಕೊಟ್ಟ.

ರಾಣೆಬೆನ್ನೂರಿನ ಕಾಲೇಜು ಸೇರುವ ಹೊತ್ತಿಗೆ ಸುರೇಖಾ ಸುತ್ತಲಿನ ತಾಲೂಕುಗಳಲ್ಲಿ ಹೆಸರು ಮಾಡಿದ್ದಳು. ಮ್ಯಾಟಿನ ಮೇಲೆ ಯಾರಿಗೂ ಅಂಜದ ಹುಡುಗಿ ಇಂಗ್ಲಿಷ್ ಎಂದರೆ ಮಾತ್ರ ಬೆವರುತ್ತಿದ್ದಳು. ತರಗತಿಯಲ್ಲಿ ಹಿಂದಿನ ಬೆಂಚು ಬಿಟ್ಟು ಮುಂದೆ ಬಂದವಳಲ್ಲ. ‘ವಿನ್’ ಎಂದರೆ ಗೆಲ್ಲುವುದು, ‘ಬೀಟ್’ ಎಂದರೆ ಹೊಡೆಯುವುದು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಅಷ್ಟೇ. ಅಷ್ಟರಲ್ಲೇ ಬದುಕು ಸಾಗುತ್ತದೆ ಎಂದುಕೊಂಡಿದ್ದಳು.

ಕೊನೆಯ ವರ್ಷ ವಿಶ್ವವಿದ್ಯಾಲಯಗಳ ಕುಸ್ತಿ ಪಂದ್ಯಾವಳಿಗೆಂದು ಕೇರಳಕ್ಕೆ ಹೋದಳು. ಜೊತೆಗೆ ಬ್ಯಾಡಗಿಯ ಬೇನಜೀರ ಇದ್ದಳು. ಮೊದಲ ಸುತ್ತಿನಲ್ಲೇ ಸೋತ ಬೇನಜೀರ ಬೇಜಾರು ಮಾಡಿಕೊಳ್ಳದೆ, ಗೆಳತಿಗೆ ನೀರಿನ ಬಾಟಲಿ, ಟವೆಲ್ಲು ಕೊಡುತ್ತ ನಿಂತಿದ್ದಳು. ಸೆಮಿಫೈನಲಿನಲ್ಲಿ ಸುರೇಖಾಳ ಎದುರಾಳಿ ಮಣಿಪುರದ ಸನತೋಂಬಿ. ಮಿಂಚಿನಂಥ ಹುಡುಗಿ. ಹಿಡಿದರೆ ಜಾರುತ್ತಿದ್ದಳು, ಬಿಟ್ಟರೆ ಕಾಲನ್ನೇ ಹಿಡಿದೆಳೆಯುತ್ತಿದ್ದಳು. ಒಮ್ಮೆ ಹೆಣಗುವಾಗ ಮ್ಯಾಟಿಗೆ ಮುಖ ತಾಗಿ ಅವಳ ತುಟಿ ಒಡೆಯಿತು. ಒರೆಸಿಕೊಂಡು ಮತ್ತೆ ಬಂದಳು. ಕೊನೆಗೆ ಸುರೇಖಾ ಸೊಂಟಕ್ಕೆ ಕೈಹಾಕಿ ಎತ್ತಿ ಕೆಡವಿ, ಎರಡೂ ಭುಜ ನೆಲಕ್ಕೆ ಒತ್ತಿ ಹಿಡಿದಳು.

ರೆಫರಿ ಸೀಟಿ ಊದಿದ ಹೊತ್ತಿಗೇ ಕರೆಂಟು ಹೋಯಿತು. ಬೋರ್ಡಿನ ಅಂಕಿಗಳು ಅಳಿಸಿಹೋದವು. ಗದ್ದಲದಲ್ಲಿ ಫಲಿತಾಂಶ ಮೇಜಿಗೆ ಮುಟ್ಟಲೇ ಇಲ್ಲ. ಫೈನಲಿಗೆ ಹೆಸರು ಕೂಗಬೇಕಾದ ಅಧಿಕಾರಿ ತಾವೇ ಎದ್ದು ಸುರೇಖಾಳ ಬಳಿ ಬಂದು ಇಂಗ್ಲಿಷಿನಲ್ಲಿ ಕೇಳಿದರು: ‘ಡಿಡ್ ಯು ಬೀಟ್ ಹರ್?’

ಸುರೇಖಾ ಗಾಬರಿಯಿಂದ ತಿರುಗಿ ನೋಡಿದಳು. ಆಚೆ ಸನತೋಂಬಿ ತುಟಿಗೆ ಹತ್ತಿ ಒತ್ತಿಕೊಂಡು ಕುಳಿತಿದ್ದಳು. ‘ನೋ ಸರ್, ನೋ ಬೀಟ್,’ ಎಂದು ಸುರೇಖಾ ಕೈಮುಗಿದಳು. ಅಧಿಕಾರಿ ತಲೆಯಾಡಿಸಿ ಹೋದರು. ಸ್ವಲ್ಪ ಹೊತ್ತಿಗೆ ಫೈನಲಿಗೆ ಸನತೋಂಬಿಯ ಹೆಸರು ಕೂಗಿದರು.

‘ಏನ ಹೇಳಿದಿ ಅವರಿಗೆ?’ ಎಂದು ಬೇನಜೀರ ಓಡಿ ಬಂದಳು.

‘ಆಕಿನ್ನ ಹೊಡದೀಯೇನು ಅಂತ ಕೇಳಿದ್ರು. ಇಲ್ಲ ಅಂದೆ. ಖರೇನ ನಾ ಹೊಡದಿಲ್ಲ.’

ಬೇನಜೀರ ಹಣೆ ಹಿಡಿದುಕೊಂಡಳು. ‘ಹುಚ್ಚಿ, ಆಕಿನ್ನ ಸೋಲಿಸೀಯೇನು ಅಂತ ಕೇಳ್ಯಾರ. ಇಲ್ಲಂದ್ರ ನೀನ ಸೋತಂಗಾತು. ನಡಿ ಲಗೂನ.’

ಸುರೇಖಾ ಮೇಜಿನ ಮುಂದೆ ಹೋಗಿ, ಗೊತ್ತಿದ್ದ ಇನ್ನೊಂದು ಮಾತನ್ನು ಜೋರಾಗಿ ಹೇಳಿದಳು: ‘ಸರ್, ಐ ವಿನ್ ಸನತೋಂಬಿ.’ ಅಕ್ಕಪಕ್ಕದವರು ನಕ್ಕರು. ಅಧಿಕಾರಿಗೆ ಮತ್ತಷ್ಟು ಗೊಂದಲವಾಯಿತು. ಸುರೇಖಾಳ ಕಿವಿ ಕೆಂಪಾದವು, ಆದರೆ ಅಲ್ಲಿಂದ ಕದಲಲಿಲ್ಲ. ಅಷ್ಟರಲ್ಲಿ ಸನತೋಂಬಿಯೇ ಎದ್ದು ಬಂದಳು. ಊದಿದ ತುಟಿಯಲ್ಲೇ, ‘ಶೀ ಬೀಟ್ ಮಿ. ಶೀ ವನ್ ದ ಬೌಟ್,’ ಎಂದು ಸುರೇಖಾಳ ಕೈಹಿಡಿದು ಮೇಲೆತ್ತಿದಳು. ಸುಮ್ಮನಿದ್ದರೆ ಫೈನಲು ಅವಳದಾಗುತ್ತಿತ್ತು. ಅಧಿಕಾರಿ ಇನ್ನೊಂದು ಮ್ಯಾಟಿಗೆ ಹೋಗಿದ್ದ ರೆಫರಿಯನ್ನು ಕರೆಸಿ ಕೇಳಿ, ಹೆಸರು ತಿದ್ದಿದರು.

ಫೈನಲಿನಲ್ಲಿ ಕೊಲ್ಹಾಪುರದ ಹುಡುಗಿ ಮೊದಲಿಗೆ ಮುಂದಿದ್ದಳು. ಬದಿಯಲ್ಲಿ ನಿಂತು ಸನತೋಂಬಿ ತನ್ನ ಭಾಷೆಯಲ್ಲಿ, ಬೇನಜೀರ ಕನ್ನಡದಲ್ಲಿ ಕೂಗುತ್ತಿದ್ದರು. ಸುರೇಖಾ ಕಾಯ್ದು ಕಾಯ್ದು ಒಂದೇ ಪಟ್ಟಿನಲ್ಲಿ ಎದುರಾಳಿಯನ್ನು ಚಿತ್ ಮಾಡಿದಳು. ಕೊರಳಿಗೆ ಚಿನ್ನದ ಪದಕ ಬಿತ್ತು. ಅಂದು ಸಂಜೆ ಊಟದ ಸಾಲಿನಲ್ಲಿ ಬೇನಜೀರ ಬಿಡಿಸಿ ಹೇಳಿದಳು: ‘ನಮ್ಮ ಮಾತಿನ್ಯಾಗ ಕುಸ್ತೀನೂ ಗೆಲ್ತೀವಿ, ಆಕಿನ್ನೂ ಗೆಲ್ತೀವಿ. ಇಂಗ್ಲಿಷಿನ್ಯಾಗ ಹಂಗಿಲ್ಲ. ವಿನ್ ಅಂದ್ರ ಕುಸ್ತಿ, ಕಪ್ಪು, ಪದಕ. ಮನಿಷ್ಯಾರನ್ನ ಬೀಟ್ ಮಾಡಬೇಕು.’

‘ಹೊಡಿಯೂದಕ್ಕೂ ಅದ, ಸೋಲಿಸೂದಕ್ಕೂ ಅದನಾ?’

‘ಹೂಂ. ಯಾವುದು ಅಂತ ಸಂದರ್ಭ ನೋಡಿ ತಿಳಕೋಬೇಕು.’

ಸುರೇಖಾ ಅನ್ನ ಕಲಸುತ್ತಲೇ ಎರಡೂ ಪದಕ್ಕೆ ಒಂದೊಂದು ವಾಕ್ಯ ಮಾಡಿ ಹೇಳಿದಳು. ಬೇನಜೀರ ತಪ್ಪು ಹುಡುಕಲಿಲ್ಲ, ಹುಡುಕಲು ಇರಲೂ ಇಲ್ಲ.

ಊರಿಗೆ ಬಂದ ಮೇಲೆ ಅವಳು ಮುಂದಿನ ಬೆಂಚಿಗೆ ಬಂದು ಕುಳಿತಳು. ತಪ್ಪು ಮಾತಾಡಿದಾಗ ನಕ್ಕವರೊಂದಿಗೆ ತಾನೂ ನಕ್ಕು, ಮತ್ತೆ ಸರಿಯಾಗಿ ಹೇಳುತ್ತಿದ್ದಳು. ಓದು ಮುಗಿದು ರಾಣೆಬೆನ್ನೂರಿನಲ್ಲೇ ದೈಹಿಕ ಶಿಕ್ಷಕಿಯಾದಳು. ಹೋದ ವರ್ಷ ಕುಸ್ತಿ ರೆಫರಿಯ ಪರೀಕ್ಷೆಗೆ ಕುಳಿತಳು. ನಿಯಮವೆಲ್ಲ ಇಂಗ್ಲಿಷಿನಲ್ಲೇ ಒಪ್ಪಿಸಬೇಕಿತ್ತು. ಒಂದು ಪ್ರಶ್ನೆಗೂ ತಡವರಿಸದೆ ಪಾಸಾದಳು.

ಈ ಸಲ ಹಾವೇರಿಯಲ್ಲಿ ರಾಜ್ಯಮಟ್ಟದ ಪಂದ್ಯಗಳು ನಡೆದಾಗ ಸೀಟಿ ಹಿಡಿದು ಮ್ಯಾಟಿನ ಮೇಲೆ ನಿಂತವಳು ಸುರೇಖಾ. ಗ್ಯಾಲರಿಯಲ್ಲಿ ಹಾಲಸಿದ್ದಪ್ಪ ಕುಳಿತಿದ್ದ. ಪಕ್ಕದವನೊಬ್ಬ, ‘ಆ ಮೇಡಂ ಯಾರ್ರಿ, ಭಾಳ ಖಡಕ್ ಅದಾರ,’ ಎಂದ.

‘ನನ್ನ ಮಗಳು,’ ಎಂದು ಹಾಲಸಿದ್ದಪ್ಪ ಎದ್ದೇ ನಿಂತ. ಹಿಂದಿನವರು ಕುಂದ್ರಿ ಕುಂದ್ರಿ ಅಂದರೂ ಕೂರಲಿಲ್ಲ.