ಘಾಟು ಬಂತಲ್ಲ, ಅಕ್ಕಾರ

ಮೊಮ್ಮಗನ ಕೆಮ್ಮಿನ ಸುದ್ದಿ ಮೊದಲು ಹೇಳಿದವಳು ನೀರಮಾನ್ವಿಗೆ ಕೊಟ್ಟ ನನ್ನ ಮಗಳು. ದೇವದುರ್ಗದಿಂದ ಬಸ್ಸು ಹತ್ತಿ ಹೋಗಿ ನೋಡಿದರೆ, ಕೂಸಿನ ತೊಟ್ಟಿಲು ಕಟ್ಟಿಗೆ ಒಲೆಯ ಪಕ್ಕದಲ್ಲೇ ತೂಗುತ್ತಿತ್ತು.

“ದೃಷ್ಟಿ ಆಗ್ಯಾದ್ರಿ ಬೀಗರ,” ಎಂದು ಅವಳ ಅತ್ತೆ ಒಣಮೆಣಸಿನಕಾಯಿ ನಿವಾಳಿಸಿ ಅದೇ ಒಲೆಗೆ ಹಾಕಿದರು. ದೃಷ್ಟಿಯನ್ನು ನಾನೂ ನಂಬುವವನೇ. ಆದರೆ ಘಾಟಿಗೆ ಕೂಸಿನ ಉಸಿರೇ ಕಟ್ಟಿತು. ಎತ್ತಿಕೊಂಡು ಅಂಗಳಕ್ಕೆ ಓಡಿದೆ.

“ಅಕ್ಕಾರ, ದೃಷ್ಟಿ ಆಗಿದ್ರ ಘಾಟು ಬರಂಗಿಲ್ಲ ಅಂತೀರಿ. ಈಗ ಬಂತಲ್ಲ? ಇದು ಒಲಿ ಹೊಗಿ ಕಾಟ!”

ಅವರು ಒಲೆಯ ಪಕ್ಕದ ತೊಟ್ಟಿಲಿನ ಹಗ್ಗ ಬಿಚ್ಚಿ ತಂದರು. “ಖರೇ ಅದ ನೋಡ್ರಿ. ತೊಟ್ಟಿಲ ಪಡಸಾಲ್ಯಾಗ ಕಟ್ರಿ.”

ಕೂಸು ಹೊರಗೆ ಬಂತು. ಮಗಳು ಮಾತ್ರ ಕೆಮ್ಮುತ್ತ ಅದೇ ಹೊಗೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಳೆ. ಆ ಕಡೆ ಹೋಗುವವರು ಈ ಕತೆಯನ್ನು, ಸೊಸೆಯ ಕೆಮ್ಮನ್ನೂ ಸೇರಿಸಿ, ಅವಳ ಅತ್ತೆಗೆ ಇನ್ನೊಮ್ಮೆ ಹೇಳಿರಿ. ಬೀಗರ ಮಾತು ಒಂದು ಸಲಕ್ಕೆ ಒಂದೇ ನಡೆಯುತ್ತದೆ.