ಮಾರ್ಚಿಗೆ ಎತ್ತಿಟ್ಟ ಅಳು

ಬ್ಯೂನಸ್ ಐರಿಸ್‌ನಲ್ಲಿ ಫೆಬ್ರವರಿ ತಿಂಗಳಲ್ಲಿ ಯಾರಿಗೂ ಮನಸ್ಸು ಕೆಡಕೂಡದು. ಕೆಟ್ಟರೆ ಕೇಳುವವರಿಲ್ಲ, ಊರಿನ ಮನೋವಿಶ್ಲೇಷಕರೆಲ್ಲ ಆಗ ಬೇಸಿಗೆ ರಜೆ ಹಾಕಿ ಕಡಲತೀರದಲ್ಲಿ ಬಿದ್ದುಕೊಂಡಿರುತ್ತಾರೆ. ಒವಿಡಿಯೊ ತಾರ್ಸಿತಾನೊನ ತಾಯಿ ತೀರಿಕೊಂಡದ್ದು ಸರಿಯಾಗಿ ಆ ತಿಂಗಳ ಮೂರನೆಯ ತಾರೀಖು.

ಒವಿಡಿಯೊ ಸಿಟಿ ಬಸ್ಸಿನ ಡ್ರೈವರು. ಐವತ್ತಮೂರು ವರ್ಷ, ಒಂಟಿ ಜೀವ. ಹನ್ನೊಂದು ವರ್ಷದಿಂದ ಪ್ರತಿ ಮಂಗಳವಾರ ಮನೋವಿಶ್ಲೇಷಕಿ ಗ್ರಿನ್‌ಸ್ಟೈನ್ ಮೇಡಂ ಅವರ ದಿವಾನದ ಮೇಲೆ ಮಲಗಿ, ಚಾವಣಿ ನೋಡುತ್ತ ಮಾತಾಡುತ್ತಾನೆ. ಅವರು ತಲೆಯ ಹಿಂದೆ, ಕಾಣದ ಹಾಗೆ ಕೂತು ಕೇಳುತ್ತಾರೆ. ಡಿಪೋದಲ್ಲಿ ಇದು ಯಾರಿಗೂ ವಿಚಿತ್ರವಲ್ಲ, ಅರ್ಧ ಜನ ಹೀಗೇ ಎಲ್ಲೋ ಮಲಗಿ ಬರುವವರೇ. ಅವನ ತಪ್ಪು ಬೇರೆ. ಎದೆಯೊಳಗಿನದನ್ನು ಮೇಡಂಗಲ್ಲದೆ ಇನ್ನೊಬ್ಬರಿಗೆ ಹೇಳಿದರೆ ಅದು ಹಾಳಾಗುತ್ತದೆ ಎಂದು ನಂಬಿಬಿಟ್ಟಿದ್ದ.

ಹಾಗಾಗಿ ತಾಯಿಯನ್ನು ಮಣ್ಣು ಮಾಡುವಾಗಲೂ ಅವನ ಕಣ್ಣು ಒದ್ದೆಯಾಗಲಿಲ್ಲ. ಅಳುವನ್ನು, ಮೇಡಂ ರಜೆಯಿಂದ ವಾಪಸು ಬರುವ ಮಾರ್ಚಿಗೆ ಎತ್ತಿಟ್ಟ. ಆದರೆ ಕೈಕಾಲು ಮಾತು ಕೇಳಬೇಕಲ್ಲ! ಮೂರು ಸಲ ಬ್ರೇಕು ಒತ್ತದೆ ಬಸ್ಸನ್ನು ನಿಲ್ದಾಣ ದಾಟಿಸಿ ಪ್ರಯಾಣಿಕರಿಂದ ಬೈಸಿಕೊಂಡ. ಊಟಕ್ಕೆ ಕೂತರೆ ಎರಡು ತುತ್ತಿಗೆ ಎದ್ದು, ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಅಡ್ಡಾಡುತ್ತಿದ್ದ.

ಅಕ್ಕ ನೆಲಿಡಾ ಫೋನು ಮಾಡಿದಳು. "ಅಮ್ಮನ ಬೀರು ಖಾಲಿ ಮಾಡ್ಬೇಕು ಕಣೋ. ಬಾ, ಇಬ್ರೂ ಸೇರಿ ಮಾಡೋಣ."

"ಈಗ ಬೇಡಕ್ಕ. ಮೇಡಂ ಬರ್ಲಿ. ಅವ್ರ ಹತ್ರ ಒಂದ್ಸಲ ಮಾತಾಡಿ ಆಮೇಲೆ ಬರ್ತೀನಿ."

"ಹೆತ್ತೋಳಿಗೆ ಅಳೋಕೂ ಆಯಮ್ಮನ ರಜಾ ಮುಗೀಬೇಕೇನೋ? ಥೂ ನಿನ್ನ!"

ಕೊನೆಗೆ ಒಬ್ಬಳೇ ಹೋಗಿ ಬೀರು ಖಾಲಿ ಮಾಡಿದಳು. ಆಮೇಲೆ ಫೋನು ಮಾಡಲಿಲ್ಲ.

ಮಾರ್ಚಿನ ಮೊದಲ ಮಂಗಳವಾರ ಒವಿಡಿಯೊ ಅರ್ಧ ಗಂಟೆ ಮುಂಚೆಯೇ ಹೋಗಿ ಮೆಟ್ಟಿಲು ಹತ್ತಿ ಇಳಿದು ಮಾಡಿದ. ದಿವಾನದ ಮೇಲೆ ಬಿದ್ದವನೇ ತಿಂಗಳಿಂದ ಉರುಹೊಡೆದದ್ದನ್ನೆಲ್ಲ ಹೇಳಿದ: ಆಸ್ಪತ್ರೆ, ಅಮ್ಮನ ಕೊನೆಯ ಉಸಿರು, ಶವಪೆಟ್ಟಿಗೆ. ವರದಿ ಓದಿದ ಹಾಗಿತ್ತು. ಅಳು ಬರಲಿಲ್ಲ. ಅವನಿಗೆ ಗಾಬರಿಯಾಯಿತು.

"ಅಮ್ಮನ ಬಟ್ಟೆನೆಲ್ಲ ಅಕ್ಕ ಒಬ್ಳೇ ಮಡಚಿಟ್ಳು. ಅಷ್ಟೂ ದಿನ ನಾನು ನಿಮಗೋಸ್ಕರ ಕಾಯ್ತಿದ್ದೆ ಮೇಡಂ," ಎಂದ.

ಹಿಂದೆ ಕುರ್ಚಿ ಕಿರುಗುಟ್ಟಿತು. "ಇವತ್ತಿಗೆ ಇಲ್ಲಿಗೆ ಬಿಡೋಣ."

"ಏನು? ಹನ್ನೆರಡು ನಿಮಿಷಾನೂ ಆಗಿಲ್ವಲ್ಲ!"

ಮೇಡಂ ಆಗಲೇ ಬಾಗಿಲು ತೆರೆದಿದ್ದರು. ಮಾತು ಗಾಯಕ್ಕೆ ತಗುಲಿದ ಕಡೆಯೇ ತುಂಡರಿಸುವುದು ಅವರ ಪದ್ಧತಿ, ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬೈದುಕೊಂಡೇ ಬೀದಿಗಿಳಿದ. ಎರಡು ರಸ್ತೆ ದಾಟುವಷ್ಟರಲ್ಲಿ, ಅಕ್ಕ ಒಬ್ಬಳೇ ಮಡಚಿಟ್ಟಳು ಎಂದು ತಾನೇ ದಿವಾನದ ಮೇಲೆ ಆಡಿದ ಮಾತು ಅವನನ್ನು ಕೊರೆಯತೊಡಗಿತು. ಡಿಪೋಗೆ ಹೋಗಬೇಕಾದವನು ಅಕ್ಕನ ಮನೆಯ ಕಡೆ ತಿರುಗಿದ.

ನೆಲಿಡಾ ಬಾಗಿಲಿಗೆ ಅಡ್ಡ ನಿಂತಳು. "ಎಲ್ಲಾ ಹೇಳ್ಕೊಂಡ್ಯಾ ಅವ್ರ ಹತ್ರ?"

"ಹೇಳ್ದೆ."

"ಒಳ್ಳೇದಾಯ್ತು. ನಿಂಗೆ ಅವ್ರಿದ್ರು. ನಂಗೆ ಯಾರಿದ್ರೋ? ನಾನು ನಿಂಗೆ ಕಾಯ್ತಿದ್ದೆ."

ಒವಿಡಿಯೊಗೆ ಆಗ ಅಳು ಬಂತು. ಹೊಸ್ತಿಲಲ್ಲೇ, ಎದುರುಮನೆಯವರು ನೋಡುತ್ತಿದ್ದಂತೆಯೇ, ಮೂಗು ಸುರಿಸಿಕೊಂಡು ಅತ್ತ. ನೆಲಿಡಾ ಅವನ ತೋಳು ಹಿಡಿದು ಒಳಗೆಳೆದುಕೊಂಡು ತಾನೂ ಅತ್ತಳು.